ನಿಟ್ಟಿಂಗ್ ಮೆಷಿನ್ ಕೈಗೆ ಹತ್ತೋದು ಹೇಗೆ: ಖಾಲಿ ಬೆಡ್‌ನಿಂದ ಪಂಚ್‌ಕಾರ್ಡ್, ರಿಬ್ಬರ್‌ವರೆಗೆ ಸಮಗ್ರ ಮಾರ್ಗದರ್ಶಿ

ನಿಟ್ಟಿಂಗ್ ಮೆಷಿನ್ ತಗೊಂಡೋರಲ್ಲಿ ಬಹಳಷ್ಟು ಜನ ಎಡವೋದು ಒಂದೇ ಜಾಗದಲ್ಲಿ. ಪ್ಲೇನ್ ಹೆಣಿಗೆ ಒಂದಷ್ಟು ಸಾಲು ಚೆನ್ನಾಗಿ ಬರತ್ತೆ, ಖುಷಿಯಾಗತ್ತೆ, ಮಾರನೇ ದಿನವೇ ಪಂಚ್‌ಕಾರ್ಡ್ (ಯಾವ ಸೂಜಿ ಆಯ್ಕೆ ಆಗ್ಬೇಕು ಅಂತ ಹೇಳೋ ತೂತಿನ ಕಾರ್ಡ್) ಹಾಕಿ ಲೇಸ್ (ತೂತುತೂತಿನ ಡಿಸೈನ್) ಮಾಡೋಣ ಅಂತ ಕೂರ್ತಾರೆ, ಕ್ಯಾರೇಜ್ (ಸೂಜಿಗಳ ಮೇಲೆ ಅತ್ತಿಂದಿತ್ತ ತಳ್ಳೋ ಭಾಗ) ಬೆಡ್ (ಸೂಜಿಗಳು ಸಾಲಾಗಿ ಕೂತಿರೋ ಹಲಗೆ) ಮಧ್ಯ ಗಪ್ಪಂತ ನಿಂತ್ಕೊಳ್ಳತ್ತೆ, ಜೋರಾಗಿ ತಳ್ತಾರೆ, ಒಂದಷ್ಟು ಸೂಜಿ ಬಗ್ಗತ್ತೆ, ಅಲ್ಲಿಗೆ ಮೆಷಿನ್ ಬಟ್ಟೆ ಹೊದ್ಕೊಂಡು ಮೂಲೆ ಸೇರತ್ತೆ. ಬಹುತೇಕ ಸಲ ಇದಕ್ಕೆ ಕಾರಣ ಹಂತಗಳು ಹಿಂದುಮುಂದಾಗಿರೋದು. ಹಾಗಾಗಿ ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ಒಂದು ಮಾತು ಈ ಬರಹದುದ್ದಕ್ಕೂ ಮತ್ತೆ ಮತ್ತೆ ಬರತ್ತೆ, ಬೇಜಾರಾಗ್ಬೇಡಿ: ಕ್ಯಾರೇಜ್ ತಳ್ಳೋಕೆ ಮುಂಚೆ ಸೂಜಿಗಳನ್ನ ನೋಡಿ. ಎಷ್ಟೇ ದೊಡ್ಡ ಮೆಷಿನ್ ಆಗ್ಲಿ, ಒಂದು ಸಾಲಲ್ಲಿ ಒಂದು ಸೂಜಿ ಮಾಡೋದು ನಾಲ್ಕೇ ಕೆಲ್ಸ. ಹೆಣೆಯತ್ತೆ, ಇಲ್ಲಾ ಸುಮ್ನೆ ಬಿಟ್ಟುಬಿಡತ್ತೆ, ಇಲ್ಲಾ ಹಳೇ ಕುಣಿಕೆ ಜೊತೆಗೇ ಹೊಸ ನೂಲನ್ನೂ ಹಿಡ್ಕೊಂಡು ಕೂರತ್ತೆ, ಇಲ್ಲಾ ತನ್ನ ಕುಣಿಕೆನ ಪಕ್ಕದ ಸೂಜಿಗೆ ಕೊಡತ್ತೆ. ಮುಂದಿನ ಸಾಲಲ್ಲಿ ಯಾವ ಸೂಜಿ ಯಾವ ಕೆಲ್ಸ ಮಾಡತ್ತೆ ಅಂತ ನೋಡಿ ಹೇಳೋಕೆ ಬಂದ್ರೆ ಭಯ ಅರ್ಧ ಕಮ್ಮಿಯಾಯ್ತು ಅಂತಾನೇ ಲೆಕ್ಕ.

## ಹಂತ 1: ನಿಮ್ಮ ಮೆಷಿನ್ ಯಾವ ಜಾತಿದು ಅಂತ ಗೊತ್ತು ಮಾಡ್ಕೊಳ್ಳಿ

ಮೆಷಿನ್‌ಗಳನ್ನ ವಿಂಗಡಿಸೋದು ಗೇಜ್ ಮೇಲೆ. ಗೇಜ್ ಅಂದ್ರೆ ಒಂದು ಸೂಜಿಯಿಂದ ಇನ್ನೊಂದಕ್ಕಿರೋ ದೂರ. ಯಾವ ನೂಲು ಹಾಕ್ಬಹುದು ಅಂತ ತೀರ್ಮಾನ ಮಾಡೋದೇ ಅದು.

ಹಿಡಿಕೆ ತಿರುಗಿಸೋ ದುಂಡನೆ ಮೆಷಿನ್‌ಗಳು, ಅಂದ್ರೆ ಸೆಂಟ್ರೋ 48 ಸೂಜಿದು, ಆಡಿ ಎಕ್ಸ್‌ಪ್ರೆಸ್ 46 ಸೂಜಿದು, ಟೋಪಿಗೆ, ಸ್ಕಾರ್ಫ್‌ಗೆ ಸಾಕು. ಆದ್ರೆ ಅವುಗಳಲ್ಲಿ ಕುಣಿಕೆ ಸೈಜ್ ಬದಲಾಯಿಸೋ ಡಯಲ್ ಇಲ್ಲ, ಸೂಜಿನ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸೋಕಾಗಲ್ಲ, ಹಾಗಾಗಿ ಅದರಲ್ಲಿ ಕಲಿತದ್ದು ಫ್ಲಾಟ್ ಬೆಡ್ ಮೆಷಿನ್‌ಗೆ ಅಷ್ಟಾಗಿ ಕೆಲ್ಸಕ್ಕೆ ಬರಲ್ಲ.

ಕಲಿಯೋರಿಗೆ ನನ್ನ ಮೊದಲ ಆಯ್ಕೆ ಸಿಲ್ವರ್ ರೀಡ್ ಎಲ್‌ಕೆ-150. ಪ್ಲಾಸ್ಟಿಕ್ ಬೆಡ್, 150 ಸೂಜಿ, 6.5 ಮಿಮೀ ಗೇಜ್, ಡಿಕೆ ಅನ್ನೋ ಮಧ್ಯಮ ದಪ್ಪದ ನೂಲು ಆರಾಮಾಗಿ ಓಡತ್ತೆ. ಪಂಚ್‌ಕಾರ್ಡ್ ಇಲ್ಲ, ಡಿಸೈನೆಲ್ಲಾ ಕೈಯಲ್ಲೇ ಮಾಡ್ಬೇಕು, ಅದೇ ಅದರ ಲಾಭ ಕೂಡ, ಯಾಕಂದ್ರೆ ಸೂಜಿ ಏನ್ ಮಾಡತ್ತೆ ಅಂತ ಕಣ್ಣಿಗೆ ಕಂಡುಬಿಡತ್ತೆ.

ಹವ್ಯಾಸಿಗಳ ಮನೆಗಳಲ್ಲಿ ಹೆಚ್ಚಾಗಿ ಇರೋದು 4.5 ಮಿಮೀ ಸ್ಟ್ಯಾಂಡರ್ಡ್ ಗೇಜ್, 200 ಸೂಜಿದು: ಬ್ರದರ್ ಕೆಎಚ್-868, ಕೆಎಚ್-881, ಸಿಲ್ವರ್ ರೀಡ್ ಎಸ್‌ಕೆ-280, ಇವೆಲ್ಲ 24 ಕುಣಿಕೆ ಅಗಲದ ಪಂಚ್‌ಕಾರ್ಡ್ ಓದೋ ಮೆಷಿನ್‌ಗಳು. ದಪ್ಪ ನೂಲಿಗೆ 9 ಮಿಮೀ ಗೇಜಿನ ಬ್ರದರ್ ಕೆಎಚ್-260, ಸಿಲ್ವರ್ ರೀಡ್ ಎಸ್‌ಕೆ-155. ಎಲೆಕ್ಟ್ರಾನಿಕ್ ಬೇಕಂದ್ರೆ ಬ್ರದರ್ ಕೆಎಚ್-930, 940, 965, ಸಿಲ್ವರ್ ರೀಡ್ ಎಸ್‌ಕೆ-840. ಪಸಾಪ್ ಡ್ಯುಯೋಮ್ಯಾಟಿಕ್ ಅನ್ನೋದು ಹುಟ್ಟಿನಿಂದಲೇ ಎರಡು ಬೆಡ್ಡಿನ ಮೆಷಿನ್, ಅದರ ಪುಷರ್‌ಗಳು (ಸೂಜಿ ಆಯ್ಕೆಯ ಕಡ್ಡಿಗಳು), ಲಾಕ್ (ಅದರ ಕ್ಯಾರೇಜ್) ಮೇಲಿರೋ ಅಕ್ಷರಗಳು ಎಲ್ಲಾ ಬೇರೇನೇ, ಇಲ್ಲಿ ಹೇಳೋ ಕ್ರಮವನ್ನ ಅದಕ್ಕೆ ಹಾಗೇ ಹಾಕೋಕೆ ಹೋಗ್ಬೇಡಿ.

ಬ್ರದರ್‌ಗೂ ಸಿಲ್ವರ್ ರೀಡ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಇದು ತಿಳೀದೆ ಒಂದರ ವಿಡಿಯೋ ನೋಡಿ ಇನ್ನೊಂದರಲ್ಲಿ ಮಾಡೋಕೆ ಹೋಗಿ ಒದ್ದಾಡೋರು ತುಂಬಾ ಜನ. ಬ್ರದರ್‌ನಲ್ಲಿ ಮುಂದಿನ ಸಾಲಿಗೆ ಆಯ್ಕೆಯಾದ ಸೂಜಿಗಳು ಈ ಸಾಲು ಮುಗಿಯೋ ಹೊತ್ತಿಗೇ ಮುಂದೆ ಬಂದು ನಿಂತಿರ್ತವೆ, ತಪ್ಪಿದ್ರೆ ಅಲ್ಲೇ ಕಾಣತ್ತೆ. ಸಿಲ್ವರ್ ರೀಡ್‌ನಲ್ಲಿ ಆಯ್ಕೆ ಆಗೋದು, ಹೆಣೆಯೋದು ಎರಡೂ ಒಂದೇ ಓಟದಲ್ಲಿ, ಸಾಲು ಮುಗಿದಾಗ ಎಲ್ಲಾ ಸೂಜಿ ಬಿ ಜಾಗದಲ್ಲೇ (ಮಾಮೂಲಿ ಕೆಲ್ಸದ ಜಾಗ) ಸಮವಾಗಿ ನಿಂತಿರ್ತವೆ. ಪಂಚ್‌ಕಾರ್ಡ್ ಕಲಿಯೋಕೆ ಬ್ರದರ್ ಸುಲಭ ಅಂತ ನಾನು ಹೇಳೋದು ಇದಕ್ಕೇ.

ಸೆಕೆಂಡ್ ಹ್ಯಾಂಡ್ ತಗೋತಿದ್ರೆ ಸಿಂಕರ್ ಪ್ಲೇಟ್ (ಕ್ಯಾರೇಜಿನ ಮುಂದೆ ಕೂರೋ, ಬ್ರಶ್‌ಗಳಿರೋ ಭಾಗ), ಟೆನ್ಶನ್ ಮಾಸ್ಟ್ (ನೂಲನ್ನ ಮೇಲಿಂದ ತರೋ ಕಂಬ), ಮೇಜಿಗೆ ಬಿಗಿಯೋ ಕ್ಲ್ಯಾಂಪ್ ಇದಿಯಾ, ಕ್ಯಾರೇಜಿನ ಬಟನ್‌ಗಳು ಒತ್ತಿದ್ರೆ ಒಳಗೆ ಹೋಗಿ ವಾಪಸ್ ಬರ್ತವಾ ನೋಡಿ. ಎಲೆಕ್ಟ್ರಾನಿಕ್ ಆದ್ರೆ ಲೇಬಲ್ ಮೇಲಿನ ವೋಲ್ಟೇಜ್ ಓದಿ, 100 ವೋಲ್ಟ್‌ದನ್ನ 230ಕ್ಕೆ ಚುಚ್ಚಿದ್ರೆ ಅಲ್ಲಿಗೆ ಮುಗೀತು. ಹಳೇ ಎಲೆಕ್ಟ್ರಾನಿಕ್ ಮೆಷಿನ್‌ಗಳ ಒಳಗೆ ಮೆಮೊರಿ ಉಳಿಸೋ ಬ್ಯಾಟರಿ ಸೋರಿ ಬೋರ್ಡ್ ತಿಂದಿರೋ ಸಾಧ್ಯತೆನೂ ಇರತ್ತೆ, ಆನ್ ಮಾಡೋಕೆ ಮುಂಚೆ ಗೊತ್ತಿರೋರಿಂದ ಬಿಚ್ಚಿಸಿ ನೋಡಿಸಿ.

## ಹಂತ 2: ಬೇಕಾಗೋ ಸಾಮಾನು

ಅಲ್ಲಾಡದ ಮೇಜು, ಮೇಲಿಂದ ಚೆನ್ನಾಗಿ ಬೀಳೋ ಬೆಳಕು. ಟ್ರಾನ್ಸ್‌ಫರ್ ಟೂಲ್ (ಕುಣಿಕೆನ ಒಂದು ಸೂಜಿಯಿಂದ ಇನ್ನೊಂದಕ್ಕೆ ಸರಿಸೋಕೆ), ಲ್ಯಾಚ್ ಟೂಲ್ (ಬಿದ್ದ ಕುಣಿಕೆ ಎತ್ತೋಕೆ), ಕಾಸ್ಟ್ ಆನ್ (ಹೆಣಿಗೆ ಶುರು ಮಾಡೋ) ಬಾಚಣಿಗೆ, ಕನಿಷ್ಠ ನಾಲ್ಕು ಕ್ಲಾ ವೇಟ್ (ಬಟ್ಟೆಗೆ ಸಿಕ್ಕಿಸೋ ತೂಕ). ಹೊಲಿಗೆ ಮೆಷಿನ್ ಎಣ್ಣೆ, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಶ್. ಕ್ಯಾಂಡಲ್ ತುಂಡು ಇಲ್ಲಾ ನೂಲಿಗೆ ಸವರೋ ಮೇಣ. ನಿಮ್ಮ ಮಾಡೆಲ್‌ಗೆ ಸರಿಯಾದ ಮ್ಯಾನ್ಯುವಲ್, ಪಕ್ಕದ ನಂಬರಿನದಲ್ಲ. ಒಂದೈದಾರು ಹೆಚ್ಚುವರಿ ಸೂಜಿ ಇಟ್ಕೊಳ್ಳಿ, ಬೇಕೇ ಬೇಕಾಗತ್ತೆ. ವೇಸ್ಟ್ ನೂಲು (ಆಮೇಲೆ ತೆಗೆದುಬಿಡೋ ಶುರುವಿನ ಸಾಲುಗಳಿಗೆ) ಅಂತ ನುಣುಪಾದ, ಗಾಢ ಬಣ್ಣದ ಯಾವುದಾದ್ರೂ ಒಂದು.

## ಹಂತ 3: ಕ್ಲೀನ್ ಮಾಡಿ, ಸ್ಪಂಜ್ ಬಾರ್ ನೋಡಿ

ಈ ಹಂತ ಹಾರಿಸಿದೋರೇ ಆಮೇಲೆ "ಕುಣಿಕೆ ಬಿದ್ದು ಹೋಗ್ತಿದೆ, ಏನು ಮಾಡ್ಲಿ" ಅಂತ ಕೇಳೋದು.

1. ಸ್ಪಂಜ್ ಬಾರ್ ಹೊರಗೆ ಎಳೀರಿ. ಬೆಡ್ಡಿನ ಒಂದು ತುದಿಯಲ್ಲಿ ಸಂದಿ ಇರತ್ತೆ, ಅಲ್ಲಿಂದ ಉದ್ದ ಲೋಹದ ಪಟ್ಟಿ ಜಾರಿ ಬರತ್ತೆ. ಸೂಜಿಗಳನ್ನ ಬೆಡ್‌ಗೆ ಒತ್ತಿ ಹಿಡಿಯೋದು ಅದರೊಳಗಿನ ಫೋಮ್. ಹೊಸ ಫೋಮ್ ಪಟ್ಟಿ ಮೇಲೆ ಉಬ್ಬಿ ನಿಂತಿರತ್ತೆ, ಹಳೇದು ಚಪ್ಪಟೆಯಾಗಿ ಅಂಟಂಟಾಗಿರತ್ತೆ, ಕೆಲವು ಸಲ ಡಾಂಬರ್ ಥರ ಕರಗಿ ಸೂಜಿಗೆಲ್ಲ ಮೆತ್ಕೊಂಡಿರತ್ತೆ.

ಬಾರ್ ಹೊರಗೆ ತೆಗೀದೆನೂ ಪರೀಕ್ಷೆ ಮಾಡ್ಬಹುದು: ಸೂಜಿನ ಸ್ವಲ್ಪ ಮುಂದೆ ತಂದು ತುದಿನ ಬೆರಳಲ್ಲಿ ಮೇಲಕ್ಕೆ ಎತ್ತಿ. ತಡೆ ಇದ್ದು ಬಿಟ್ಟ ಕೂಡ್ಲೇ ವಾಪಸ್ ಕೂತ್ರೆ ಸರಿ, ಲೊಡಲೊಡ ಅಂದ್ರೆ ಫೋಮ್ ಸತ್ತಿದೆ. ಸತ್ತ ಫೋಮ್ ಇಟ್ಕೊಂಡು ಕ್ಯಾರೇಜ್ ಓಡಿಸಿದ್ರೆ ಎತ್ತರ ಎದ್ದಿರೋ ಸೂಜಿಗೆ ಕ್ಯಾರೇಜ್ ಗುದ್ದಿ ಸೂಜಿ ಬಗ್ಗತ್ತೆ. ಫೋಮ್ ಮಾತ್ರ ಬದಲಾಯಿಸ್ಬಹುದು, ಇಡೀ ಬಾರ್ ಕೂಡ ಹೊಸದು ಸಿಗತ್ತೆ. ಇದು ಸವೆಯೋ ಪಾರ್ಟು, ಆಗಾಗ ಬದಲಾಯಿಸ್ತಾನೇ ಇರ್ಬೇಕು.

2. ಸೂಜಿಗಳನ್ನ ಹೊರಗೆ ತೆಗೆದು ಆಲ್ಕೋಹಾಲಲ್ಲಿ ತೊಳೀರಿ. ಲ್ಯಾಚ್, ಅಂದ್ರೆ ಕೊಕ್ಕೆ ಮುಚ್ಚೋ ಪುಟ್ಟ ನಾಲಿಗೆ, ಸೂಜಿ ಅಲ್ಲಾಡಿಸಿದ್ರೆ ಸಾಕು ಬೀಳ್ಬೇಕು. ಬಿಗಿಯಾಗಿದ್ರೆ, ವಾಲಿದ್ರೆ, ಕೊಕ್ಕೆ ಬಾಯಿ ಅಗಲ ಆಗಿದ್ರೆ ಪಕ್ಕಕ್ಕಿಡಿ. ಗಾಜಿನ ಮೇಲೆ ಮಲಗಿಸಿ ನೋಡಿದ್ರೆ ಬಾಗಿರೋದು ತಕ್ಷಣ ಗೊತ್ತಾಗತ್ತೆ.

3. ಬೆಡ್ಡಿನ ಹಿಂದಿನ ರೈಲು, ಮುಂದಿನ ರೈಲು, ಕ್ಯಾರೇಜಿನ ಹೊಟ್ಟೆ ಒರೆಸಿ. ಹಳೇ ಎಣ್ಣೆ ಗಟ್ಟಿಯಾಗಿ ಕ್ಯಾರೇಜ್ ಒಳಗಿನ ಕ್ಯಾಮ್‌ಗಳು (ಸೂಜಿಗಳನ್ನ ತಳ್ಳೋ ತುಂಡುಗಳು) ಕಚ್ಕೊಂಡಿದ್ರೆ ಬಟನ್‌ಗೆ ಬಲ ಹಾಕ್ಬೇಡಿ, ಕ್ಲೀನರ್ ಬಿಟ್ಟು ಒಂದು ರಾತ್ರಿ ನೆನೆಸಿ, ಆಮೇಲೆ ಮೆತ್ತಗೆ ಅಲ್ಲಾಡಿಸಿ. ಡಬ್ಲ್ಯೂಡಿ-40 ಕೊಳೆ ಬಿಡಿಸೋಕೆ ಓಕೆ, ಎಣ್ಣೆ ಬದಲಿಗೆ ಅದನ್ನೇ ಬಳಸ್ಬೇಡಿ.

4. ಸಿಂಕರ್ ಪ್ಲೇಟ್ ತಿರುಗಿಸಿ ನೋಡಿ. ದುಂಡು ಬ್ರಶ್‌ಗಳು, ರಬ್ಬರ್ ಚಕ್ರಗಳು ಸಲೀಸಾಗಿ ತಿರುಗ್ಬೇಕು. ಕೂದಲು, ನೂಲಿನ ಜೂಲು ಸುತ್ಕೊಂಡು ಇವು ನಿಂತುಹೋಗಿರೋದು ತುಂಬಾ ಸಾಮಾನ್ಯ, ಕುಣಿಕೆ ಬೀಳೋಕೆ ಇದೂ ಒಂದು ಕಾರಣ.

5. ಸೂಜಿಗಳನ್ನ ವಾಪಸ್ ಹಾಕಿ ಎಲ್ಲಾನೂ ಹಿಂದಕ್ಕೆ ತಳ್ಳಿ, ಉದ್ದ ಸ್ಕೇಲಿನಿಂದ ಅವುಗಳ ತಲೆ ಒತ್ತಿ ಹಿಡ್ಕೊಂಡು ಬಾರ್ ಒಳಗೆ ಜಾರಿಸಿ. ಬಾರ್ ಸೂಜಿಗಳ ಮೇಲೆ ಹೋಗ್ಬೇಕು, ಕೆಳಗೆ ಹೋದ್ರೆ ಕೆಲ್ಸ ಆಗಲ್ಲ. ಎಣ್ಣೆ ಒಂದೆರಡು ಹನಿ ಬಟ್ಟೆಗೆ ಹಾಕಿ ರೈಲಿಗೆ ಸವರಿ, ಫೋಮ್‌ಗೆ ತಾಗಿಸ್ಬೇಡಿ.

## ಹಂತ 4: ನೂಲಿಲ್ಲದೆ ಓಡಿಸಿ

ಬೇಡ ಅನ್ಸತ್ತೆ, ಆದ್ರೆ ಮಾಡಿ. ಬ್ರದರ್‌ನಲ್ಲಿ ಸೂಜಿಯ ಜಾಗಗಳು ಎ, ಬಿ, ಡಿ, ಇ. ಎ ಅಂದ್ರೆ ರಜೆ, ಬಿ ಅಂದ್ರೆ ಕೆಲ್ಸ, ಡಿ ಅಂದ್ರೆ ಆಯ್ಕೆಯಾಗಿ ಮುಂದೆ ಬಂದಿರೋದು, ಇ ಅಂದ್ರೆ ಪೂರ್ತಿ ಮುಂದೆ, ಹೋಲ್ಡ್, ಅಂದ್ರೆ ಹೆಣೆಯದೆ ಕಾಯೋ ಜಾಗ. ಸಿಲ್ವರ್ ರೀಡ್‌ನಲ್ಲಿ ಎ, ಬಿ, ಸಿ, ಡಿ, ಅಲ್ಲಿ ಹೋಲ್ಡ್ ಅಂದ್ರೆ ಡಿ. ಎರಡು ಬ್ರಾಂಡಿನ ಡಿ ಬೇರೆ ಬೇರೆ ಅನ್ನೋದು ನೆನಪಿಡಿ, ಗೊಂದಲ ಆಗೋದೇ ಇಲ್ಲಿ.

ನಲವತ್ತು ಸೂಜಿ ಬಿ ಗೆ ತಂದು, ನೂಲಿಲ್ಲದೆ ಕ್ಯಾರೇಜ್ ಅತ್ತಿಂದಿತ್ತ ಓಡಿಸಿ. ಶಬ್ದ ಕೇಳಿ, ಕೈಗೆ ಹೇಗನ್ಸತ್ತೆ ಗಮನಿಸಿ, ಇದೇ ನಿಮ್ಮ ಮೆಷಿನ್‌ನ ಆರೋಗ್ಯದ ಶಬ್ದ. ಆಮೇಲೆ ಹೋಲ್ಡ್ ಲಿವರ್ ಹಾಕಿ, ಹತ್ತು ಸೂಜಿನ ಪೂರ್ತಿ ಮುಂದೆ ತಂದು ಓಡಿಸಿ, ಅವು ಅಲ್ಲೇ ನಿಲ್ಬೇಕು. ಲಿವರ್ ತೆಗೆದು ಓಡಿಸಿ, ಈಗ ವಾಪಸ್ ಬಿ ಗೆ ಬರ್ಬೇಕು. ಬ್ರದರ್‌ನಲ್ಲಿ ಪಂಚ್‌ಕಾರ್ಡ್ ಹಾಕಿ, ಬೇರೆ ಯಾವ ಬಟನ್ನೂ ಒತ್ತದೆ ಆಯ್ಕೆ ಮಾತ್ರ ಓಡಿಸಿ, ಕಾರ್ಡಿನ ತೂತುಗಳ ಪ್ರಕಾರವೇ ಸೂಜಿ ಮುಂದೆ ಬರ್ತಿದಿಯಾ ನೋಡಿ. ನೂಲು ಹಾಳಾಗಲ್ಲ, ಜಾಮ್ ಆಗಲ್ಲ.

## ಹಂತ 5: ನೂಲು, ಟೆನ್ಶನ್

ನಿಯಮ ಸರಳ: ನೂಲು ಕೊಕ್ಕೆಯೊಳಗೆ ಆರಾಮಾಗಿ ಕೂತು ಲ್ಯಾಚ್ ಪೂರ್ತಿ ಮುಚ್ಬೇಕು. 4.5 ಮಿಮೀ ಮೆಷಿನ್‌ಗೆ ಫಿಂಗರಿಂಗ್ ಇಲ್ಲಾ 4 ಪ್ಲೈ (ತೆಳು ನೂಲು), 6.5ಕ್ಕೆ ಡಿಕೆ, 9ಕ್ಕೆ ವರ್ಸ್ಟೆಡ್‌ನಿಂದ ಚಂಕಿ (ದಪ್ಪ ನೂಲು). ಕಲಿಯೋವಾಗ ತಿಳಿ ಬಣ್ಣದ, ನುಣುಪಾದ, ಸ್ವಲ್ಪ ಎಳೆತ ಇರೋ ಉಣ್ಣೆ ತಗೊಳ್ಳಿ. ಕಪ್ಪು ಬೇಡ, ಕುಣಿಕೆ ಕಾಣಲ್ಲ. ಮೊಹೇರ್, ಶುದ್ಧ ಹತ್ತಿ ಎರಡೂ ಆಮೇಲೆ. ಲಡಿಯಿಂದ ನೇರ ಹಾಕ್ಬೇಡಿ, ಸುತ್ತಿ ಒಳಗಿಂದ ಬಿಚ್ಕೊಳ್ಳೋ ಹಾಗೆ ಕೇಕ್ ಮಾಡಿ, ಇಲ್ಲಾ ಕೋನ್‌ನಲ್ಲಿರೋದೇ ತನ್ನಿ. ಒರಟು ನೂಲಿಗೆ ಸುತ್ತೋವಾಗಲೇ ಮೇಣ ತಾಗಿಸಿ.

ಮೆಷಿನ್‌ನಲ್ಲಿ ಟೆನ್ಶನ್ ಅನ್ನೋದು ಎರಡು ಕಡೆ ಇದೆ, ಎಲ್ರೂ ಇದನ್ನ ಕಲಸ್ಕೋತಾರೆ. ಕ್ಯಾರೇಜ್ ಮೇಲಿನ ಡಯಲ್ ಕುಣಿಕೆ ಸೈಜ್ ಹೇಳತ್ತೆ, ನಂಬರ್ ದೊಡ್ಡದಾದ್ರೆ ಕುಣಿಕೆ ದೊಡ್ಡದು. ಮಾಸ್ಟ್ ಮೇಲಿನ ಡಿಸ್ಕ್ ನೂಲಿಗೆ ಎಷ್ಟು ತಡೆ ಕೊಡ್ಬೇಕು ಅಂತ ಹೇಳತ್ತೆ. ಮಾಸ್ಟಿನ ತಂತಿ ಹೆಣೆಯೋವಾಗ ಸ್ವಲ್ಪ ಬಾಗಿರ್ಬೇಕು, ಅಂಚಲ್ಲಿ ಕ್ಯಾರೇಜ್ ತಿರುಗಿದಾಗ ಸಡಿಲ ನೂಲನ್ನ ಮೇಲಕ್ಕೆಳೀಬೇಕು. ನೆಟ್ಟಗೆ ನಿಂತಿದ್ರೆ ಸಡಿಲ, ಅಂಚಲ್ಲಿ ಜೋತು ಬೀಳೋ ಲೂಪ್ ಗ್ಯಾರಂಟಿ. ಪೂರ್ತಿ ಬಗ್ಗಿ ಕೂತಿದ್ರೆ ಬಿಗಿ, ಅಂಚು ಕಿತ್ಕೊಂಡು ಒಳಗೆ ಸೇರತ್ತೆ.

## ಹಂತ 6: ಕಾಸ್ಟ್ ಆನ್, ಅಳತೆ ತುಂಡು

1. ಅರವತ್ತು ಸೂಜಿಯಲ್ಲಿ ಒಂದು ಬಿಟ್ಟು ಒಂದನ್ನ ಬಿ ಗೆ ತಂದು ವೇಸ್ಟ್ ನೂಲಲ್ಲಿ ಒಂದು ಸಾಲು ಓಡಿಸಿ. ನೂಲು ಅಂಕುಡೊಂಕಾಗಿ ಬೀಳತ್ತೆ. ಬಾಚಣಿಗೆಯ ಹಲ್ಲನ್ನ ಅದಕ್ಕೆ ಸಿಕ್ಕಿಸಿ ಇಳಿಬಿಡಿ.

2. ಬಿಟ್ಟ ಸೂಜಿಗಳನ್ನೂ ಬಿ ಗೆ ತಂದು ಎಂಟತ್ತು ಸಾಲು ಹೆಣೀರಿ. ಅಂಚಿಗೆ ಎರಡೂ ಕಡೆ ಕ್ಲಾ ವೇಟ್ ಹಾಕಿ, ಇಪ್ಪತ್ತು ಮೂವತ್ತು ಸಾಲಿಗೊಮ್ಮೆ ಮೇಲಕ್ಕೆ ಸರಿಸಿ. ವೇಟ್ ಕೆಳಗೇ ಉಳಿದ್ರೆ ಅಂಚಿನ ಕುಣಿಕೆ ಸೂಜಿಯಿಂದ ಇಳಿಯದೆ ಮೇಲೇ ಕೂತುಬಿಡತ್ತೆ.

3. ಆಮೇಲೆ ಮುಖ್ಯ ನೂಲು. ಟೆನ್ಶನ್ 6, 7, 8 ರಲ್ಲಿ ಒಂದೊಂದು ಭಾಗ, 60 ಸಾಲು ಒಂದೊಂದಕ್ಕೂ, ನಡುವೆ ಎರಡು ಸಾಲು ಬೇರೆ ಬಣ್ಣ. ಮಧ್ಯದ 40 ಕುಣಿಕೆಯ ಎರಡೂ ತುದಿಗೆ ಬಣ್ಣದ ದಾರದ ಗುರುತು. ಯಾವ ಭಾಗ ಯಾವ ಟೆನ್ಶನ್ ಅಂತ ಮರೀಬಾರ್ದು ಅಂದ್ರೆ ಟ್ರಾನ್ಸ್‌ಫರ್ ಟೂಲಲ್ಲಿ ಅಷ್ಟೇ ತೂತು ಮಾಡಿ ಬಿಡಿ, ಏಳು ತೂತು ಅಂದ್ರೆ ಟೆನ್ಶನ್ 7.

ಮೆಷಿನ್ ಮೇಲಿರೋವಾಗ ಅಳೀಬೇಡಿ, ವೇಟ್ ಎಳೆದು ಬಟ್ಟೆ ಉದ್ದ ಆಗಿರತ್ತೆ. ತೆಗೆದು, ತೊಳೆದು, ಒಣಗಿಸಿ, ರಾತ್ರಿಯಿಡೀ ಬಿಟ್ಟು ಆಮೇಲೆ. 40 ಕುಣಿಕೆ 14 ಸೆಂಮೀ ಬಂತು ಅಂದ್ಕೊಳ್ಳಿ, 40ನ್ನ 14ರಿಂದ ಭಾಗಿಸಿದ್ರೆ ಸೆಂಮೀಗೆ 2.86 ಕುಣಿಕೆ, 50 ಸೆಂಮೀ ಅಗಲಕ್ಕೆ 143. ಸಾಲಿನ ಲೆಕ್ಕವೂ ಹೀಗೇ. ಈ ತುಂಡು ಬಿಟ್ಟು ನೇರ ಸ್ವೆಟರ್‌ಗೆ ಹೋದ್ರೆ ಅದು ಯಾರಿಗೆ ಆಗತ್ತೆ ಅಂತ ಹೇಳೋಕಾಗಲ್ಲ.

## ಹಂತ 7: ಜಾಮ್ ಆದಾಗ

ಜಾಮ್ ಬಿಡಿಸೋಕೆ ಬರದೆ ಮುಂದೆ ಹೋಗ್ಬೇಡಿ. ಬೇಕಂತಲೇ ಅಭ್ಯಾಸ ಮಾಡಿದ್ರೂ ತಪ್ಪಿಲ್ಲ, ಸಾಲಿನ ಮಧ್ಯ ಕ್ಯಾರೇಜ್ ನಿಲ್ಲಿಸಿ ಹೊರಗೆ ತೆಗೆದು ನೋಡಿ.

1. ಕೈ ತೆಗೀರಿ. ಮುಂದಕ್ಕೂ ಬೇಡ, ಹಿಂದಕ್ಕೂ ಎಳೀಬೇಡಿ.

2. ಮಾಸ್ಟ್‌ನಿಂದ ನೂಲು ಸಡಿಲ ಮಾಡಿ. ಎಷ್ಟೋ ಸಲ ನೂಲಲ್ಲಿ ಗಂಟು ಬಿದ್ದು ಡಿಸ್ಕ್‌ಗೆ ಸಿಕ್ಕಿರತ್ತೆ ಅಷ್ಟೇ.

3. ಕ್ಯಾರೇಜ್ ಬಿಡಿಸೋ ವ್ಯವಸ್ಥೆ ಉಪಯೋಗಿಸಿ. ಬ್ರದರ್‌ನಲ್ಲಿ ಚೇಂಜ್ ನಾಬನ್ನ ಸಿಆರ್‌ಗೆ (ಕ್ಯಾರೇಜ್ ರಿಲೀಸ್) ತಿರುಗಿಸಿದ್ರೆ ಕ್ಯಾರೇಜ್ ಬೆಡ್‌ನಿಂದ ಎತ್ಕೊಂಡು ಬರತ್ತೆ, ಸಿಲ್ವರ್ ರೀಡ್‌ನಲ್ಲಿ ಇದಕ್ಕೇ ಬೇರೆ ಲಿವರ್ ಇದೆ.

4. ಆಗ್ಲೂ ಬರದಿದ್ರೆ ಮುಂದಿನ ಎರಡು ಸ್ಕ್ರೂ ಸಡಿಲಿಸಿ ಸಿಂಕರ್ ಪ್ಲೇಟ್ ಬಿಚ್ಚಿ. ಈಗ ಸಿಕ್ಕಿರೋ ಜಾಗ ಕಾಣತ್ತೆ. ಸುತ್ಕೊಂಡಿರೋ ನೂಲನ್ನ ಬಿಡಿಸಿ, ಬಿಡಿಸೋಕಾಗದಿದ್ರೆ ಕತ್ತರಿಸಿ. ಸೂಜಿಗಿಂತ ನೂಲು ಹೋಗೋದು ವಾಸಿ.

5. ಕ್ಯಾರೇಜ್ ಹೊರಗೆ ಬಂದ್ಮೇಲೆ ಸೂಜಿಗಳನ್ನೆಲ್ಲ ಒಂದೇ ಸಾಲಿಗೆ ತನ್ನಿ. ಅರ್ಧ ಹೆಣೆದ ಸಾಲನ್ನ ಬಿಚ್ಚಿ, ಕುಣಿಕೆಗಳನ್ನ ಒಂದೊಂದಾಗಿ ಕೊಕ್ಕೆಗೆ ಹಾಕಿ. ಸಾಲಿನ ಲೆಕ್ಕದ ಕೌಂಟರ್ ಮತ್ತು ಕಾರ್ಡ್ ಎರಡನ್ನೂ ಹಿಂದಕ್ಕೆ ತಿರುಗಿಸೋದು ಮರೀಬೇಡಿ, ಜನ ಕೌಂಟರ್ ಸರಿ ಮಾಡಿ ಕಾರ್ಡ್ ಮರೀತಾರೆ.

6. ಕಾರಣ ಸಿಗೋವರೆಗೂ ಮತ್ತೆ ಓಡಿಸ್ಬೇಡಿ.

ಕಾರಣ ಹುಡುಕೋಕೆ ಕೈ ಮತ್ತು ಕಿವಿ ಸಾಕು. ಟಕ್ ಟಕ್ ಅಂತ ಪ್ರತಿ ಸಲ ಒಂದೇ ಜಾಗದಲ್ಲಿ ಬಂದ್ರೆ ಅಲ್ಲೊಂದು ಬಾಗಿದ ಸೂಜಿ ಇದೆ. ಸಾಲಿನಿಂದ ಸಾಲಿಗೆ ಭಾರ ಆಗ್ತಾ ಬಂದ್ರೆ ಡಯಲ್ ನಂಬರ್ ಸಣ್ಣದು ಇಲ್ಲಾ ನೂಲು ದಪ್ಪ. ಒಣ ಕರಕರ ಅಂದ್ರೆ ಎಣ್ಣೆ. ಇದ್ದಕ್ಕಿದ್ದಂಗೆ ಗೋಡೆಗೆ ಗುದ್ದಿದ ಹಾಗೆ ನಿಂತ್ರೆ ಯಾವುದೋ ಸೂಜಿ ತಪ್ಪು ಜಾಗದಲ್ಲಿದೆ, ಅಥವಾ ಹಿಂದಿನ ಸಾಲಲ್ಲಿ ಕ್ಯಾರೇಜ್ ಅಂಚಿನ ಸೂಜಿ ಪೂರ್ತಿ ದಾಟದೇನೇ ತಿರುಗಿಸಿದೀರಿ.

ಕುಣಿಕೆ ಬೀಳೋದಕ್ಕೂ ಇದೇ ರೀತಿ. ಒಂದೇ ಸೂಜಿ ಪ್ರತಿ ಸಲ ಬಿಡ್ತಿದ್ರೆ ಆ ಸೂಜಿ ಬದಲಾಯಿಸಿ, ಬೇರೇನೂ ಮುಟ್ಬೇಡಿ. ಅಲ್ಲೊಂದು ಇಲ್ಲೊಂದು ಬಿದ್ರೆ ಸ್ಪಂಜ್ ಬಾರ್, ಬ್ರಶ್, ವೇಟ್ ಈ ಕ್ರಮದಲ್ಲಿ ನೋಡಿ. ಅಂಚಲ್ಲಿ ಮಾತ್ರ ಆದ್ರೆ ಮಾಸ್ಟ್ ಅಥವಾ ವೇಟ್. ಒಂದು ಕಡೆಯಿಂದ ಸಾಲಾಗಿ ಇಡೀ ಬಟ್ಟೆನೇ ನೆಲಕ್ಕೆ ಬಿದ್ರೆ ಫೀಡರ್‌ನಿಂದ (ಕ್ಯಾರೇಜಲ್ಲಿ ನೂಲು ಹಾಯೋ ಬಾಯಿ) ನೂಲು ಆಚೆ ಬಂದಿದೆ, ಫೀಡರ್ ಬಾಗಿಲು ಮುಚ್ಚೋದು ಮರೆತಿರೋದೇ ಹೆಚ್ಚು.

## ಹಂತ 8: ಕೈಯಲ್ಲೇ ಡಿಸೈನ್

ಪಂಚ್‌ಕಾರ್ಡ್‌ಗೆ ಮುಂಚೆ ಇದು. ಹೋಲ್ಡ್ ಉಪಯೋಗಿಸಿ ಕಾಲುಚೀಲದ ಹಿಮ್ಮಡಿ ಒಂದು ಮಾಡಿ, ಎಲ್ಲಾ ಕಲಿತ ಹಾಗೆ. ಕ್ಯಾರೇಜ್ ಎದುರು ಬದಿಯ ಒಂದು ಸೂಜಿನ ಹೋಲ್ಡ್‌ಗೆ ತನ್ನಿ, ಸಾಲು ಓಡಿಸಿ, ಆ ಹೋಲ್ಡ್ ಸೂಜಿಯ ಕೆಳಗಿಂದ ನೂಲು ಸುತ್ತಿ, ವಾಪಸ್ ಓಡಿಸಿ. ಸುತ್ತೋದು ಬಿಟ್ರೆ ತೂತು ಬೀಳತ್ತೆ. ಬಟ್ಟೆ ಒಂದೇ ಕಡೆ ಬೆಳೆಯೋದ್ರಿಂದ ವೇಟನ್ನ ಹೆಣೀತಿರೋ ಸೂಜಿಗಳ ಕೆಳಗೇ ಸರಿಸ್ತಾ ಇರಿ.

ಆಮೇಲೆ ಟ್ರಾನ್ಸ್‌ಫರ್ ಟೂಲಲ್ಲಿ ಅಂಚಿನಿಂದ ಮೂರು ಕುಣಿಕೆ ಒಳಗೆ ಸರಿಸಿ ಕಮ್ಮಿ ಮಾಡೋದು, ಒಂದೆರಡು ಕೇಬಲ್ (ಜಡೆ ಥರದ ಡಿಸೈನ್). ಟೂಲನ್ನ ಕೊಕ್ಕೆಗೆ ಸಿಕ್ಕಿಸಿ ಎಳೆದು ಹಿಂದೆ ತಳ್ಳಿದಾಗ ಕುಣಿಕೆ ಲ್ಯಾಚ್ ದಾಟಿ ಟೂಲ್‌ಗೆ ಬರೋದನ್ನ ಚೆನ್ನಾಗಿ ನೋಡ್ಕೊಳ್ಳಿ, ಲೇಸ್ ಕ್ಯಾರೇಜ್ ಒಳಗೆ ಆಗೋದೂ ಇದೇ.

## ಹಂತ 9: ಪಂಚ್‌ಕಾರ್ಡ್, ಈ ಕ್ರಮದಲ್ಲೇ

ಕಾರ್ಡ್ ಒಂದೇ, ಆದ್ರೆ ಬಟನ್ ಬದಲಾದ್ರೆ ಬಟ್ಟೆ ಬದಲಾಗತ್ತೆ. ತೂತು ಇರೋ ಕಡೆ ಸೂಜಿ ಆಯ್ಕೆ ಆಗತ್ತೆ. ಸ್ಲಿಪ್ (ಸುಮ್ನೆ ಬಿಟ್ಟುಬಿಡೋದು), ಟಕ್ (ಹೊಸ ನೂಲನ್ನೂ ಹಿಡ್ಕೊಂಡು ಕೂರೋದು) ಎರಡರಲ್ಲೂ ತೂತು ಅಂದ್ರೆ ಹೆಣಿ, ಖಾಲಿ ಅಂದ್ರೆ ಬಿಡು ಅಥವಾ ಹಿಡ್ಕೋ. ಫೇರ್ ಐಲ್‌ನಲ್ಲಿ (ಒಂದೇ ಸಾಲಲ್ಲಿ ಎರಡು ಬಣ್ಣದ ಡಿಸೈನ್) ತೂತು ಅಂದ್ರೆ ಎರಡನೇ ಬಣ್ಣ.

ಮೊದಲು ಸ್ಲಿಪ್. ಸೂಜಿ ಮೇಲೆ ಏನೂ ಗುಡ್ಡೆ ಬೀಳಲ್ಲ, ಹಾಗಾಗಿ ಜಾಮ್ ಭಯ ಕಮ್ಮಿ. ಬ್ರದರ್‌ನಲ್ಲಿ ಕಾರ್ಡ್ ಲಾಕ್ ಮಾಡಿ, ನಾಬ್ ಕೆಸಿಗೆ (ಕಾರ್ಡ್ ಪ್ರಕಾರ ಸೂಜಿ ಆಯ್ಕೆ) ತಿರುಗಿಸಿ, ಸ್ಲಿಪ್ ಬಟನ್ ಒತ್ತದೆ ಒಂದು ಸಾಲು ಓಡಿಸಿ. ಸೂಜಿಗಳು ಮುಂದೆ ಬಂದ್ವಾ? ನೋಡಿ. ಈಗ ಕಾರ್ಡ್ ಲಾಕ್ ತೆಗೆದು ಬಟನ್ ಒತ್ತಿ ಶುರು ಮಾಡಿ. ಕಣ್ಣಿಗೆ ಕಾಣೋ ಕಾರ್ಡಿನ ಸಾಲೇ ಮೆಷಿನ್ ಓದ್ತಿರೋ ಸಾಲು ಅಂದ್ಕೋಬೇಡಿ, ಅದು ಓದೋದು ಒಳಗೆ ಕೆಲವು ಸಾಲು ಕೆಳಗೆ.

ಎರಡನೇದು ಫೇರ್ ಐಲ್. ಎ ಫೀಡರ್‌ಗೆ ಹಿನ್ನೆಲೆ ಬಣ್ಣ, ಬಿ ಗೆ ಡಿಸೈನ್ ಬಣ್ಣ, ಎರಡೂ ನೂಲು ಮಾಸ್ಟಿನ ಬೇರೆ ಬೇರೆ ತಂತಿಯಲ್ಲಿ. ಪ್ಲೇನ್‌ಗಿಂತ ಟೆನ್ಶನ್ ಒಂದು ಜಾಸ್ತಿ ಇಡಿ, ಹಿಂದೆ ಹಾಯೋ ನೂಲು ಬಟ್ಟೆನ ಬಿಗಿ ಮಾಡತ್ತೆ. ಐದಾರು ಕುಣಿಕೆಗಿಂತ ಉದ್ದ ಹಾಯೋ ಡಿಸೈನ್ ಮೊದಮೊದಲು ಬೇಡ, ಹಾಕ್ಕೊಳ್ಳೋವಾಗ ಬೆರಳಿಗೆ ಸಿಗತ್ತೆ.

ಮೂರನೇದು ಟಕ್. ಅತಿ ಹೆಚ್ಚು ಜಾಮ್ ಆಗೋದು ಇಲ್ಲೇ, ಕಾರಣವೂ ಬಹುತೇಕ ಒಂದೇ: ಫೇರ್ ಐಲ್ ಕಾರ್ಡ್ ಹಾಕಿ ಟಕ್ ಬಟನ್ ಒತ್ತೋದು. ಆ ಕಾರ್ಡಲ್ಲಿ ಖಾಲಿ ಜಾಗಗಳು ಪಕ್ಕಪಕ್ಕ ಇರತ್ತೆ, ಪಕ್ಕಪಕ್ಕದ ಸೂಜಿಗಳು ನೂಲು ಗುಡ್ಡೆ ಹಾಕ್ಕೊಂಡು ಕೂತ್ರೆ ಕ್ಯಾರೇಜ್ ಎಲ್ಲಿ ಹೋಗ್ಬೇಕು? ಟಕ್ ಕಾರ್ಡಲ್ಲಿ ತೂತೇ ಜಾಸ್ತಿ, ಖಾಲಿ ಕಮ್ಮಿ. ಒಂಟಿ ಸೂಜಿ, ಎರಡು ಸಾಲು, ಇಷ್ಟರಿಂದ ಶುರು ಮಾಡಿ. ಅಂಚಿನ ಸೂಜಿ ಯಾವಾಗ್ಲೂ ಹೆಣೀಬೇಕು.

## ಹಂತ 10: ಲೇಸ್

ಬ್ರದರ್‌ನಲ್ಲಿ ಎರಡು ಕ್ಯಾರೇಜ್. ಲೇಸ್ ಕ್ಯಾರೇಜ್ ಎಡಕ್ಕೆ, ಹೆಣೆಯೋ ಕ್ಯಾರೇಜ್ ಬಲಕ್ಕೆ. ಎಡದ್ದು ಕಾರ್ಡ್ ಹೇಳಿದಷ್ಟು ಸಲ ಹೋಗಿ ಬಂದು ಕುಣಿಕೆ ಸರಿಸತ್ತೆ, ಆಮೇಲೆ ಬಲದ್ದು ಎರಡು ಸಾಲು ಹೆಣೆಯತ್ತೆ. ಸಿಲ್ವರ್ ರೀಡ್‌ನ ಲೇಸ್ ಕ್ಯಾರೇಜ್ ಸರಿಸೋದು, ಹೆಣೆಯೋದು ಎರಡನ್ನೂ ಒಟ್ಟಿಗೇ ಮಾಡತ್ತೆ, ಹಾಗಾಗಿ ಒಂದರ ಕಾರ್ಡ್ ಇನ್ನೊಂದಕ್ಕೆ ಆಗಲ್ಲ.

ಇಲ್ಲಿ ಅವಸರ ಮಾಡಿದ್ರೆ ಕೆಟ್ರಿ. ಸರಿಸೋ ಓಟ ನಿಧಾನ, ಒಂದೇ ವೇಗ. ಪ್ರತಿ ಸಲ ಹೆಣೆಯೋ ಕ್ಯಾರೇಜ್ ತಳ್ಳೋಕೆ ಮುಂಚೆ ಬೆಡ್ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ: ಅರ್ಧ ಸರಿದ ಕುಣಿಕೆ, ಎರಡು ಸೂಜಿ ಮೇಲೆ ಜೋತಾಡ್ತಿರೋ ಕುಣಿಕೆ, ಮುಚ್ಚಿಕೊಂಡ ಲ್ಯಾಚ್ ಸಿಗತ್ತೆ, ಟೂಲಲ್ಲಿ ಸರಿ ಮಾಡಿ. ಲೇಸ್‌ಗೆ ವೇಟ್ ಕಮ್ಮಿ ಬೇಕು, ಜಾಸ್ತಿ ಆದ್ರೆ ಕುಣಿಕೆ ಸರಿಯೋದೇ ಇಲ್ಲ. ಬಿಗಿ ನೂಲಲ್ಲಿ ಆಗ್ತಿಲ್ಲ ಅಂದ್ರೆ ಡಯಲ್ ಅರ್ಧ ನಂಬರ್ ಏರಿಸಿ ನೋಡಿ.

## ಹಂತ 11: ರಿಬ್ಬರ್

ಎಲ್ರೂ ಹೆದರೋದು ಇದಕ್ಕೇ. ರಿಬ್ಬರ್ ಅನ್ನೋ ಎರಡನೇ ಬೆಡ್ ಮೊದಲನೇದಕ್ಕೆ ಎದುರು ಬದುರು ಕೂರತ್ತೆ, ಎರಡರ ಸೂಜಿಗಳೂ ಒಂದೇ ಸಂದಿಗೆ ಬರ್ತವೆ. ಡಿಕ್ಕಿ ಹೊಡೀಬಾರ್ದು, ಅಷ್ಟೇ ಇಲ್ಲಿನ ಕಾನೂನು.

ಜೋಡಿಸಿದ್ಮೇಲೆ ಎಡ, ಮಧ್ಯ, ಬಲ ಮೂರೂ ಕಡೆ ಎರಡೂ ಬೆಡ್ಡಿನ ಒಂದೆರಡು ಸೂಜಿ ಮುಂದೆ ಎಳೆದು ನೋಡಿ. ಬ್ರದರ್ ರಿಬ್ಬರ್‌ನಲ್ಲಿ ಪಿಚ್ ಲಿವರ್ ಎಚ್‌ನಲ್ಲಿದ್ರೆ ಒಂದರ ಸೂಜಿ ಇನ್ನೊಂದರ ಎರಡು ಸೂಜಿಗಳ ನಡುವೆ ಸರಿಯಾಗಿ ಬರ್ಬೇಕು, ಪಿ ನಲ್ಲಿದ್ರೆ ಎದುರು ಬದುರು. ಒಂದು ತುದಿಯಲ್ಲಿ ಸರಿ ಇದ್ದು ಇನ್ನೊಂದರಲ್ಲಿ ತಾಗ್ತಿದ್ರೆ ಹೊಂದಿಸದೆ ಮುಂದೆ ಹೋಗ್ಬೇಡಿ. ಎರಡೂ ಬೆಡ್ಡಲ್ಲಿ ಎಲ್ಲಾ ಸೂಜಿ ಕೆಲ್ಸದಲ್ಲಿದ್ರೆ ಎಚ್. ಪಿ ನಲ್ಲಿ ಎದುರು ಬದುರಿನ ಎರಡು ಸೂಜಿಲಿ ಒಂದೇ ಕೆಲ್ಸದಲ್ಲಿರ್ಬೇಕು, ಇನ್ನೊಂದು ಎ ನಲ್ಲಿ.

ಶುರು ಮಾಡೋ ಕ್ರಮ: ಸಣ್ಣ ಟೆನ್ಶನ್‌ನಲ್ಲಿ ಒಂದು ಅಂಕುಡೊಂಕು ಸಾಲು. ಬಾಚಣಿಗೆಯ ತಂತಿ ತೆಗೆದು, ಹಲ್ಲುಗಳನ್ನ ಕೆಳಗಿಂದ ಸಂದಿಗೆ ತೂರಿಸಿ ನೂಲಿನ ಮೇಲೆ ಬರೋ ಹಾಗೆ ಮಾಡಿ ತಂತಿ ಪೋಣಿಸಿ, ವೇಟ್ ತೂಗಿ. ಆಮೇಲೆ ಎರಡು ಮೂರು ಸಾಲು ಸರ್ಕ್ಯುಲರ್, ಅಂದ್ರೆ ಹೋಗೋವಾಗ ಒಂದು ಬೆಡ್, ಬರೋವಾಗ ಇನ್ನೊಂದು. ಆಮೇಲೆ ಎರಡೂ ಕ್ಯಾರೇಜ್ ಮಾಮೂಲಿ ಹೆಣಿಗೆಗೆ. ರಿಬ್‌ಗೆ ಟೆನ್ಶನ್ ಪ್ಲೇನ್‌ಗಿಂತ ಎರಡು ಮೂರು ನಂಬರ್ ಕಮ್ಮಿ, ಪ್ಲೇನ್ 7 ಇದ್ರೆ ರಿಬ್ 4 ರಿಂದ ನೋಡಿ. ಸರ್ಕ್ಯುಲರ್ ಬಟನ್ ವಾಪಸ್ ತೆಗೆಯೋದು ಮರೆತು ರಿಬ್ ಸರಿಯಾಗಿ ಬರ್ತಾನೇ ಇಲ್ಲ ಅನ್ನೋದು ಇಲ್ಲಿನ ಕ್ಲಾಸಿಕ್ ತಪ್ಪು. ಕೆಳಗೆ ಬಗ್ಗಿ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡೋ ಅಭ್ಯಾಸ ಮಾಡ್ಕೊಳ್ಳಿ, ಮೇಲಿಂದ ಏನೂ ಕಾಣಲ್ಲ.

## ಹಂತ 12: ಎಲೆಕ್ಟ್ರಾನಿಕ್

ಪಂಚ್‌ಕಾರ್ಡ್ ಅರ್ಥ ಆಗಿದ್ರೆ ಇಲ್ಲಿ ಹೊಸದೇನಿಲ್ಲ, ಕಾರ್ಡಿನ ಜಾಗದಲ್ಲಿ ಮೆಮೊರಿ ಇದೆ, 24 ಕುಣಿಕೆಯ ಮಿತಿ ಇಲ್ಲ. ಆನ್ ಮಾಡಿದ್ಮೇಲೆ ಮ್ಯಾನ್ಯುವಲ್‌ನಲ್ಲಿ ಹೇಳಿರೋ ಟರ್ನ್ ಮಾರ್ಕ್ ದಾಟಿಸಿ ಕ್ಯಾರೇಜ್ ತನ್ನಿ, ಇಲ್ಲಾಂದ್ರೆ ಕ್ಯಾರೇಜ್ ಎಲ್ಲಿದೆ ಅಂತ ಮೆಷಿನ್‌ಗೆ ಗೊತ್ತಾಗಲ್ಲ, ಡಿಸೈನ್ ಅರ್ಧ ಜಾಗದಿಂದ ಶುರುವಾಗತ್ತೆ. ಕಂಪ್ಯೂಟರ್‌ನಿಂದ ಚಿತ್ರ ಕಳಿಸ್ಬೇಕು ಅಂದ್ರೆ ಬ್ರದರ್ ಕೆಎಚ್-930, 940, 965 ಇಂಥವಕ್ಕೆ ಅಯಾಬ್ ಅನ್ನೋ ಓಪನ್ ಸೋರ್ಸ್ ಬೋರ್ಡ್ ಇದೆ, ಸಿಲ್ವರ್ ರೀಡ್‌ಗೆ ಡಿಸೈನಾನಿಟ್ ಅನ್ನೋ ಸಾಫ್ಟ್‌ವೇರ್ ಜೊತೆ ಬಳಸೋ ಸಿಲ್ವರ್‌ಲಿಂಕ್.

ಡಿಸೈನಲ್ಲಿ ಉದ್ದುದ್ದ ಗೆರೆ ತಪ್ಪಾಗಿ ಬಂದ್ರೆ ಎಣಿಸಿ. ಬೆಡ್ಡಲ್ಲಿ ಒಂದೇ ಸೂಜಿ ತಪ್ತಿದ್ರೆ ಆ ಸೂಜಿ. ಪ್ರತಿ 16 ಸೂಜಿಗೊಮ್ಮೆ ತಪ್ತಿದ್ರೆ ಕೆಎಚ್-930, 940, 965 ಒಳಗಿನ 16 ಸೊಲೆನಾಯ್ಡ್‌ಗಳಲ್ಲಿ (ಸೂಜಿ ಆಯ್ಕೆ ಮಾಡೋ ವಿದ್ಯುತ್ ಅಯಸ್ಕಾಂತ) ಒಂದು ಕಚ್ಕೊಂಡಿದೆ, ಸೂಜಿ ಬದಲಾಯಿಸಿ ಪ್ರಯೋಜನ ಇಲ್ಲ. ಪಂಚ್‌ಕಾರ್ಡ್ ಮೆಷಿನ್‌ನಲ್ಲಿ ಇದೇ ತಪ್ಪು 24ಕ್ಕೊಮ್ಮೆ ಬಂದ್ರೆ ಕಾರ್ಡ್ ಓದೋ ಭಾಗದಲ್ಲಿ ಕೊಳೆ ಕೂತಿದೆ ಅಥವಾ ಕಾರ್ಡಿನ ಆ ಕಾಲಮ್ಮೇ ಹರಿದಿದೆ. ಮೊದಲು ಬೇರೆ ಕಾರ್ಡ್ ಹಾಕಿ ನೋಡಿ, ತಪ್ಪು ಅಲ್ಲೇ ಉಳಿದ್ರೆ ಮಾತ್ರ ಮೆಷಿನ್ ಬಿಚ್ಚಿ.